ಕಡಲಿನ ಮೇಲೆ ತೇಲುವ ಗಾಳಿಯಂತ್ರ

ಹಾಲಿಗೆ ನೀರು ಬೆರೆತಿದೆಯೇ ಎಂದು ನೋಡಲು ಡೇರಿಗಳಲ್ಲಿ ಲ್ಯಾಕ್ಟೋಮೀಟರ್ ಎಂಬ ಗಾಜಿನ ಕೊಳವೆಯನ್ನು ಹಾಲಿನಲ್ಲಿ ತೇಲಿಬಿಡುತ್ತಾರೆ. ಬೆರಳಿನಿಂದ ವಾಲಿಸಿದರೂ ಅದು ಮತ್ತೆ ನೆಟ್ಟಗೆ ನಿಲ್ಲುತ್ತದೆ. ತಳದ ಬುರುಡೆಯಲ್ಲಿ ತುಂಬಿರುವ ಭಾರವೇ ಇದಕ್ಕೆ ಕಾರಣ. ಇದೇ ತತ್ತ್ವದ ಬಲದಿಂದ 253 ಮೀಟರ್ ಉದ್ದದ ಗಾಳಿಯಂತ್ರಗಳು ಸ್ಕಾಟ್ಲೆಂಡಿನ ಕಡಲಿನಲ್ಲಿ ತೇಲುತ್ತಿವೆ ಎಂದರೆ ಅಚ್ಚರಿಯಾಗಬಹುದು.

ನೆಲಕ್ಕಿಂತ ಕಡಲಿನ ಮೇಲೆ ಗಾಳಿ ಜೋರು. ಆಳ ಕಡಿಮೆ ಇರುವಲ್ಲಿ ಯಂತ್ರದ ಕಂಬವನ್ನು ಕಡಲತಳದಲ್ಲೇ ಊರಬಹುದು. ಆಳ ಸುಮಾರು 60 ಮೀಟರ್ ದಾಟಿತೆಂದರೆ ಅದರ ಖರ್ಚು ಕೈಮೀರುತ್ತದೆ. ಆಗ ಉಳಿಯುವುದು ತೇಲಿಸುವ ದಾರಿ.

ನಾರ್ವೆಯ ಕರಾವಳಿಯಾಚೆ 2009ರಲ್ಲಿ 2.3 ಮೆಗಾವಾಟ್‌ನ ಒಂದು ತೇಲುಯಂತ್ರದ ಪ್ರಯೋಗ ನಡೆಯಿತು. ಅದು ಗೆದ್ದ ಮೇಲೆ, 2017ರಲ್ಲಿ ಸ್ಕಾಟ್ಲೆಂಡಿನ ಪೀಟರ್‌ಹೆಡ್ ಬಳಿ ತಲಾ 6 ಮೆಗಾವಾಟ್‌ನ ಐದು ಯಂತ್ರಗಳ 'ಹೈವಿಂಡ್ ಸ್ಕಾಟ್ಲೆಂಡ್' ಕೆಲಸ ಆರಂಭಿಸಿತು. ಬಿಡುವಿಲ್ಲದೆ ಪೂರ್ಣ ಸಾಮರ್ಥ್ಯದಲ್ಲಿ ತಿರುಗಿದ್ದರೆ ಎಷ್ಟು ವಿದ್ಯುತ್ ದೊರೆಯುತ್ತಿತ್ತೋ, ಅದರ ಶೇ. 54ರಷ್ಟನ್ನು ಇವು ಮೊದಲ ಐದು ವರ್ಷಗಳಲ್ಲಿ ಕೊಟ್ಟವು. ಗಾಳಿಯಂತ್ರಗಳಿಗೆ ಇದು ಒಳ್ಳೆಯ ಅಂಕ.

ಪ್ರತಿ ಯಂತ್ರದ 78 ಮೀಟರ್ ಭಾಗ ನೀರಿನೊಳಗಿದೆ. ಆ ಉಕ್ಕಿನ ಕೊಳವೆಯ ತಳದಲ್ಲಿ ಭಾರ ತುಂಬಿದ್ದಾರೆ. ಹೀಗಾಗಿ ಇಡೀ ಯಂತ್ರದ ಗುರುತ್ವ ಕೇಂದ್ರ ಬಹಳ ಕೆಳಗಿದೆ. ಅಲೆ ಬಡಿದು ವಾಲಿದಾಗ ತೂಕ ಕೆಳಕ್ಕೆ ಎಳೆಯುತ್ತದೆ, ನೀರಿನ ಪ್ಲವನ ಬಲ ಮೇಲಕ್ಕೆ ತಳ್ಳುತ್ತದೆ. ಇವೆರಡೂ ಸೇರಿ ಯಂತ್ರವನ್ನು ನೆಟ್ಟಗಾಗಿಸುತ್ತವೆ. ಕೊಚ್ಚಿಹೋಗದಂತೆ ಮೂರು ಲಂಗರುಗಳು ಹಿಡಿದಿವೆ.

ನಿಲ್ಲಿಸುವ ಲೆಕ್ಕ ಬಗೆಹರಿಯಿತು, ಖರ್ಚಿನ ಲೆಕ್ಕ ಇನ್ನೂ ಬಗೆಹರಿದಿಲ್ಲ. ಇಷ್ಟು ಉದ್ದದ ಕೊಳವೆ ಸಾಮಾನ್ಯ ಬಂದರಿನಲ್ಲಿ ನಿಲ್ಲದು. ಅದಕ್ಕಾಗಿ ನಾರ್ವೆಯ ಆಳವಾದ ಕಡಲತೋಳಿನಲ್ಲಿ ಜೋಡಿಸಿ, ಹಡಗುಗಳಿಂದ ಎಳೆತರಬೇಕಾಯಿತು. ದೊಡ್ಡ ರಿಪೇರಿಗೆಂದು 2024ರಲ್ಲಿ ಮತ್ತೆ ನಾರ್ವೆಗೇ ಎಳೆದೊಯ್ಯಬೇಕಾಯಿತು!

ಖರ್ಚು ತಗ್ಗಿಸುವ ದಾರಿಗಳೂ ತೆರೆಯುತ್ತಿವೆ. ನಾರ್ವೆಯಲ್ಲಿ 2023ರಲ್ಲಿ ಉದ್ಘಾಟನೆಯಾದ 'ಹೈವಿಂಡ್ ಟಾಂಪೆನ್'ನಲ್ಲಿ ಉಕ್ಕಿನ ಕೊಳವೆಗೆ ಬದಲು ಕಾಂಕ್ರೀಟಿನ ಕೊಳವೆಗಳಿವೆ. ಅಲ್ಲಿನ 11 ಯಂತ್ರಗಳಿಗೆ ಲೆಕ್ಕದಂತೆ 33 ಲಂಗರುಗಳು ಬೇಕಿದ್ದವು. ಅಕ್ಕಪಕ್ಕದ ಯಂತ್ರಗಳು ಹಂಚಿಕೊಂಡಿದ್ದರಿಂದ 19 ಸಾಕಾದವು. ಪೋರ್ಚುಗಲ್ಲಿನ 'ವಿಂಡ್‌ಫ್ಲೋಟ್ ಅಟ್ಲಾಂಟಿಕ್' ಇನ್ನೊಂದು ದಾರಿ ಹಿಡಿಯಿತು. ಅದು ಆಳದ ಬದಲು ಅಗಲವನ್ನು ನಂಬಿದ, ಮೂರು ಕಂಬಗಳ ತೆಪ್ಪ. ಅದನ್ನು ಬಂದರಿನ ಧಕ್ಕೆಯಲ್ಲೇ ಜೋಡಿಸಿ ಕಡಲಿಗೆ ಎಳೆದೊಯ್ಯಬಹುದು.

ಮಕ್ಕಳು ಮನೆಯಲ್ಲೇ ಒಂದು ಪರೀಕ್ಷೆ ಮಾಡಬಹುದು. ಖಾಲಿ ಪ್ಲಾಸ್ಟಿಕ್ ಬಾಟಲಿಗೆ ಒಂದಿಷ್ಟು ಮರಳು ಹಾಕಿ, ಮುಚ್ಚಳ ಬಿಗಿದು, ಬಕೆಟ್ಟಿನ ನೀರಿನಲ್ಲಿ ನೆಟ್ಟಗೆ ತೇಲಿಸಬೇಕು. ಬಳಿಕ ಮರಳನ್ನು ಚಮಚ ಚಮಚವಾಗಿ ತೆಗೆಯುತ್ತಾ ಹೋಗಬೇಕು. ಎಷ್ಟು ಕಡಿಮೆ ಮಾಡಿದರೂ ಬಾಟಲಿ ಬೀಳದೆ ನಿಂತೀತು? ಎಂಜಿನಿಯರುಗಳು ಇಂದು ಉತ್ತರ ಹುಡುಕುತ್ತಿರುವುದೂ ಇಂಥದೇ ಪ್ರಶ್ನೆಗೆ.