ಮೊದಲ ಪಾಠ ಬೀಳುವುದು

ಜೂಡೋ ತರಗತಿಗೆ ಸೇರಿದ ಮಗು ಮೊದಲ ದಿನಗಳಲ್ಲಿ ಯಾರನ್ನೂ ಎತ್ತಿ ಒಗೆಯುವುದಿಲ್ಲ. ಅದು ಕಲಿಯುವುದು ಬೀಳುವುದನ್ನು. ಗದ್ದವನ್ನು ಎದೆಗೆ ಒತ್ತಿಕೊಂಡು, ಬೆನ್ನನ್ನು ದುಂಡಗೆ ಮಾಡಿ, ತೋಳಿನಿಂದ ಚಾಪೆಯನ್ನು ಫಟ್ಟನೆ ಬಡಿಯುತ್ತ ಬೀಳಬೇಕು. ಆಗ ತಲೆ ನೆಲಕ್ಕೆ ತಾಗುವುದಿಲ್ಲ, ಪೆಟ್ಟು ಮೈಯೆಲ್ಲ ಹಂಚಿಹೋಗುತ್ತದೆ. ಜಪಾನೀಯರು ಇದನ್ನು 'ಉಕೆಮಿ' ಎನ್ನುತ್ತಾರೆ. ಹೊರಗೆ ಕಾದು ಕುಳಿತ ತಂದೆತಾಯಿಗೆ ಇದು ಬೇಸರದ ನೋಟ. ಫೀಸು ಕಟ್ಟಿದ್ದು ಮಗ ಬೀಳಲಿ ಎಂದೇ? ಮುಂದಿನ ಬೆಲ್ಟ್ ಯಾವಾಗ ಎಂಬ ಪ್ರಶ್ನೆ ಮೊದಲ ತಿಂಗಳಲ್ಲೇ ಬಂದುಬಿಡುತ್ತದೆ.

ಈ ವಿದ್ಯೆಯನ್ನು ರೂಪಿಸಿದವರು ಒಬ್ಬ ಮೇಷ್ಟ್ರು. ಹೆಸರು ಜಿಗೊರೊ ಕಾನೊ. 1860ರಲ್ಲಿ ಹುಟ್ಟಿದ ಈ ಹುಡುಗ ಓದಿನಲ್ಲಿ ಚುರುಕು, ಮೈಯಲ್ಲಿ ಪೀಚು. ಶಾಲೆಯಲ್ಲಿ ದಾಂಡಿಗರ ಕೈಗೆ ಸಿಕ್ಕಿ ಸಾಕಷ್ಟು ಪೆಟ್ಟು ತಿಂದ. 'ಜುಜುತ್ಸು' ಎಂಬ ಹಳೆಯ ಮಲ್ಲವಿದ್ಯೆ ಕಲಿತರೆ ಬಲಿಷ್ಠನನ್ನೂ ಮಣಿಸಬಹುದೆಂದು ಕೇಳಿ ಗುರುವಿಗಾಗಿ ಅಲೆದ. ಸಮುರಾಯಿಗಳ ಕಾಲ ಮುಗಿದು ಆ ವಿದ್ಯೆಗೆ ಬೆಲೆ ಹೋಗಿತ್ತು. ಬಲ್ಲವರು ಮೂಳೆ ಕಟ್ಟಿ ಹೊಟ್ಟೆ ಹೊರೆಯುತ್ತಿದ್ದರು. ಮೂಳೆ ಕಟ್ಟುವವರನ್ನೇ ವಿಚಾರಿಸುತ್ತ ಹೋದ ಹುಡುಗನಿಗೆ ಕೊನೆಗೆ ಫುಕುದಾ ಎಂಬ ಗುರು ಸಿಕ್ಕರು. ಆ ಹೊತ್ತಿಗೆ ಅವನು ಟೋಕಿಯೋ ವಿಶ್ವವಿದ್ಯಾಲಯದ ವಿದ್ಯಾರ್ಥಿ.

ಈ ಪಟ್ಟು ಹೇಗೆ ಎಂದು ಕೇಳಿದರೆ ಫುಕುದಾ ವಿವರಿಸುತ್ತಿರಲಿಲ್ಲ, ಶಿಷ್ಯನನ್ನು ಮತ್ತೊಮ್ಮೆ ಎತ್ತಿ ಹಾಕುತ್ತಿದ್ದರು! ಕಾನೊಗೆ ಅಷ್ಟು ಸಾಲದು. ಜೊತೆಯ ಒಬ್ಬ ಭಾರೀ ಆಳನ್ನು ಮಣಿಸಲಾಗದೆ ಗ್ರಂಥಾಲಯ ಹೊಕ್ಕರು. ಪಾಶ್ಚಾತ್ಯ ಕುಸ್ತಿಯ ಪುಸ್ತಕದಲ್ಲಿ ಎದುರಾಳಿಯನ್ನು ಹೆಗಲ ಮೇಲೆ ಹೊತ್ತು ಕೆಡಹುವ ಪಟ್ಟು ಕಂಡಿತು. ಅದನ್ನು ಅಭ್ಯಾಸ ಮಾಡಿ ಅವನನ್ನು ಬೀಳಿಸಿದರು. ಪುಸ್ತಕದ ಹುಳು ಎಂದು ಮಕ್ಕಳನ್ನು ಬೈಯುವವರು ಇದನ್ನು ಗಮನಿಸಬೇಕು.

1882ರಲ್ಲಿ, ಇಪ್ಪತ್ತೊಂದರ ಹರೆಯದಲ್ಲಿ, ಟೋಕಿಯೋದ ಏಶೋಜಿ ಎಂಬ ಬೌದ್ಧ ದೇವಾಲಯದಲ್ಲಿ ಹನ್ನೆರಡು ಚಾಪೆಯ ಜಾಗದಲ್ಲಿ ಕಾನೊ ತಮ್ಮ ಶಾಲೆ 'ಕೊಡೊಕಾನ್' ತೆರೆದರು. ಶಿಷ್ಯರು ಬೆರಳೆಣಿಕೆಯಷ್ಟು. ಅಪಾಯದ ಪಟ್ಟುಗಳನ್ನು ಅಭ್ಯಾಸದಿಂದ ಬದಿಗಿಟ್ಟು 'ಜುತ್ಸು' ಎಂಬುದನ್ನು 'ದೋ' ಮಾಡಿದರು. ಜುತ್ಸು ಎಂದರೆ ಕೌಶಲ, ದೋ ಎಂದರೆ ದಾರಿ.

ದಾರಿ ಎಂಬುದು ಬರೀ ದೊಡ್ಡ ಮಾತೆ? ಕಾನೊ ಅದನ್ನು ಲೆಕ್ಕದಂತೆ ವಿವರಿಸುತ್ತಿದ್ದರು. ಎದುರಿನವನ ಬಲ 10, ಇವನದು 7. ಅವನು ತಳ್ಳುವಾಗ ಇವನು ಸೆಟೆದು ನಿಂತರೆ ಸೋಲು ಖಂಡಿತ. ಹಿಂದೆ ಸರಿದು ಅವನ ನೂಕಿಗೇ ಜಾಗ ಬಿಟ್ಟರೆ ಅವನು ಮುಗ್ಗರಿಸುತ್ತಾನೆ. ಆ ಕ್ಷಣಕ್ಕೆ ಅವನ ಬಲ 3ಕ್ಕೆ ಇಳಿಯಿತೆನ್ನಿ, ಇವನ 7 ಹಾಗೆಯೇ ಇದೆ. ಇರುವ ಶಕ್ತಿಯನ್ನು ಚೆನ್ನಾಗಿ ಬಳಸು ಎಂಬ ಈ ಸೂತ್ರವನ್ನು ಅವರು ಓದಿಗೂ ದಿನದ ಬಾಳಿಗೂ ಅನ್ವಯಿಸಿದರು. ಎರಡನೆಯ ಸೂತ್ರ, ತಾನೂ ಇತರರೂ ಒಟ್ಟಿಗೆ ಏಳಿಗೆ ಹೊಂದುವುದು. ತನ್ನ ಮೈಯನ್ನು ಒಪ್ಪಿಸಿ ಬೀಳಲು ಸಿದ್ಧನಾದ ಜೊತೆಗಾರನಿಲ್ಲದೆ ಯಾರೂ ಒಂದು ಪಟ್ಟನ್ನೂ ಕಲಿಯಲಾರರು. ಆದ್ದರಿಂದಲೇ ಪ್ರತಿ ಅಭ್ಯಾಸಕ್ಕೂ ಮೊದಲು, ಮುಗಿದ ಮೇಲೆ, ಇಬ್ಬರೂ ತಲೆಬಾಗುತ್ತಾರೆ.

ಇನ್ನು ಬೆಲ್ಟ್. 'ದಾನ್' ಎಂಬ ಮಟ್ಟಗಳನ್ನು ಸಮರ ಕಲೆಗೆ ತಂದವರೂ ಕಾನೊ ಅವರೇ. 1883ರಲ್ಲಿ ಇಬ್ಬರು ಶಿಷ್ಯರಿಗೆ ಮೊದಲ ದಾನ್ ಕೊಟ್ಟರು. ಆ ಮೊದಲ ಮಟ್ಟದ ಹೆಸರು 'ಶೊದಾನ್', ಆರಂಭದ ಹಂತ ಎಂದು ಅರ್ಥ. ಕಪ್ಪು ಬೆಲ್ಟ್ ಬಂತೆಂದು ಮಗನನ್ನು ತರಗತಿಯಿಂದ ಬಿಡಿಸಿಕೊಳ್ಳುವ ತಂದೆ, ಅಕ್ಷರಾಭ್ಯಾಸ ಆಯಿತೆಂದು ಶಾಲೆ ಬಿಡಿಸಿದಂತೆ.

ಕಾನೊ 1938ರಲ್ಲಿ ತೀರಿಕೊಂಡರು. 1964ರಲ್ಲಿ ಟೋಕಿಯೋ ಒಲಿಂಪಿಕ್ಸ್‌ನಲ್ಲಿ ಜೂಡೋ ಮೊದಲ ಬಾರಿಗೆ ಸೇರಿತು. ತೂಕದ ಮಿತಿಯಿಲ್ಲದ ವಿಭಾಗದ ಅಂತಿಮ ಪಂದ್ಯದಲ್ಲಿ ಡಚ್ ದೈತ್ಯ ಆಂಟನ್ ಗೀಸಿಂಕ್, ಜಪಾನಿನ ಅಕಿಯೊ ಕಾಮಿನಾಗಾ ಅವರನ್ನು ನೆಲಕ್ಕೊತ್ತಿ ಹಿಡಿದು ಗೆದ್ದರು. ಜಪಾನೀ ಪ್ರೇಕ್ಷಕರು ದಿಗ್ಭ್ರಮೆಯಲ್ಲಿದ್ದರು. ಗೀಸಿಂಕ್‌ರ ಅಭಿಮಾನಿಗಳು ಕುಣಿಯುತ್ತ ಚಾಪೆಯತ್ತ ನುಗ್ಗಿದರು. ಗೀಸಿಂಕ್ ಕೈ ಎತ್ತಿ ಅವರನ್ನು ತಡೆದರು. ಸೋತವರಿಗೆ ತಲೆಬಾಗುವುದು ಇನ್ನೂ ಬಾಕಿ ಇತ್ತು.