ವಿತರಿತ ಗ್ರಾಫ್ ಶೋಧನೆ

ವಿತರಿತ ಗ್ರಾಫ್ ಶೋಧನೆ ಎಂದರೆ ಒಂದೇ ಗಣಕಯಂತ್ರದಲ್ಲಿ ಹಿಡಿಸದಷ್ಟು ದೊಡ್ಡದಾದ ಗ್ರಾಫ್ ದತ್ತಾಂಶವನ್ನು ಹಲವು ಯಂತ್ರಗಳಲ್ಲಿ ಹಂಚಿಟ್ಟು, ಅದರಿಂದ ಪ್ರಶ್ನೆಗಳಿಗೆ ಉತ್ತರ ಪಡೆಯುವ ವಿಧಾನ. ಇಲ್ಲಿ ಗ್ರಾಫ್ ಎಂಬುದು ಬಿಂದುಗಳು ಮತ್ತು ಅವುಗಳನ್ನು ಜೋಡಿಸುವ ಕೊಂಡಿಗಳಿಂದಾದ ಜಾಲ. ಉದಾಹರಣೆಗೆ, ಮತ್ತಿಘಟ್ಟ, ಶಿರಸಿ ತಾಲೂಕು ಮತ್ತು ಉತ್ತರ ಕನ್ನಡ ಜಿಲ್ಲೆ ಮೂರು ಬಿಂದುಗಳಾದರೆ, ‘ಇದರ ವ್ಯಾಪ್ತಿಯಲ್ಲಿದೆ’ ಎಂಬುದು ಅವುಗಳ ನಡುವಿನ ಕೊಂಡಿ.

ಮೂಲ ಸಮಸ್ಯೆ

ಕೋಷ್ಟಕವನ್ನು ಸಾಲುಗಳ ಪ್ರಕಾರ ಸುಲಭವಾಗಿ ಭಾಗಿಸಬಹುದು. ಗ್ರಾಫನ್ನು ಎಲ್ಲಿ ಭಾಗಿಸಿದರೂ ಕೆಲವು ಕೊಂಡಿಗಳು ಎರಡು ಯಂತ್ರಗಳ ನಡುವೆ ಉಳಿಯುತ್ತವೆ. ಮತ್ತಿಘಟ್ಟ ಒಂದು ಯಂತ್ರದಲ್ಲಿಯೂ ಶಿರಸಿ ಇನ್ನೊಂದರಲ್ಲಿಯೂ ಇದ್ದರೆ, ‘ಈ ಗ್ರಾಮ ಯಾವ ಜಿಲ್ಲೆಯದು?’ ಎಂಬ ಸರಳ ಪ್ರಶ್ನೆಗೂ ಯಂತ್ರಗಳು ಪರಸ್ಪರ ಸಂದೇಶ ಕಳುಹಿಸಬೇಕಾಗುತ್ತದೆ. ಯಂತ್ರದ ಸ್ವಂತ ಸ್ಮರಣೆಯನ್ನು ಓದುವುದಕ್ಕಿಂತ ಈ ಸಂದೇಶ ರವಾನೆ ಬಹಳ ನಿಧಾನ. ಆದ್ದರಿಂದ ಶೋಧನೆಯ ವೇಗವು ಯಂತ್ರಗಳ ಸಂಖ್ಯೆಗಿಂತ ಹೆಚ್ಚಾಗಿ ವಿಭಜನೆಯ ಕ್ರಮವನ್ನು ಅವಲಂಬಿಸುತ್ತದೆ.

ಬೆಂಗಳೂರಿನ ಸಂಶೋಧನೆ

ಗೂಗಲ್ ಸಂಸ್ಥೆ 2010ರಲ್ಲಿ ಪ್ರಕಟಿಸಿದ ಪ್ರೆಗೆಲ್ ವ್ಯವಸ್ಥೆಯಲ್ಲಿ ಪ್ರತಿಯೊಂದು ಬಿಂದುವೂ ಹಂತಹಂತವಾಗಿ ಇತರ ಬಿಂದುಗಳಿಗೆ ಸಂದೇಶ ಕಳುಹಿಸುತ್ತದೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಸಂಶೋಧಕರು ಪಾಲ್ಗೊಂಡು 2014ರಲ್ಲಿ ಪ್ರಕಟಿಸಿದ ಗೋಫಿಶ್, ಒಂದು ಯಂತ್ರದೊಳಗೆ ಪರಸ್ಪರ ಜೋಡಿಕೊಂಡಿರುವ ಬಿಂದುಗಳ ಗುಂಪನ್ನೇ ಒಂದು ಘಟಕವಾಗಿ ಪರಿಗಣಿಸಿತು. ಗುಂಪಿನೊಳಗಿನ ಸಂಚಾರಕ್ಕೆ ಸಂದೇಶ ಬೇಕಿಲ್ಲವಾದ್ದರಿಂದ ಹಂತಗಳ ಸಂಖ್ಯೆ ಕಡಿಮೆಯಾಗುತ್ತದೆ. ಇದೇ ತಳಹದಿಯ ಮೇಲೆ 2016ರಲ್ಲಿ ಪ್ರಕಟವಾದ ಗೋಡಿಬಿ, ವಿತರಿತ ಗ್ರಾಫ್‌ಗಳನ್ನು ಪ್ರಶ್ನಿಸುವ ಸೌಲಭ್ಯ ಒದಗಿಸಿತು.

ವಿಕಿಡೇಟಾದ ವಿಭಜನೆ

2012ರಲ್ಲಿ ಆರಂಭವಾದ ವಿಕಿಡೇಟಾ, ಸಾರ್ವಜನಿಕರಿಗೆ ಮುಕ್ತವಾಗಿರುವ ದೊಡ್ಡ ಗ್ರಾಫ್‌ಗಳಲ್ಲಿ ಒಂದು. 2015ರಲ್ಲಿ ಪ್ರಾರಂಭಗೊಂಡ ಅದರ ಶೋಧನ ಸೇವೆಗೆ ಬ್ಲೇಜ್‌ಗ್ರಾಫ್ ತಂತ್ರಾಂಶ ಆಧಾರವಾಗಿತ್ತು. ಅದರಲ್ಲಿ ಪ್ರತಿಯೊಂದು ಸರ್ವರ್ ಇಡೀ ಗ್ರಾಫ್‌ನ ಪ್ರತಿಯನ್ನು ಹೊಂದಿರುತ್ತಿತ್ತು. ಹೀಗಾಗಿ ಸರ್ವರ್‌ಗಳನ್ನು ಹೆಚ್ಚಿಸಿದರೆ ಹೆಚ್ಚು ಜನರಿಗೆ ಉತ್ತರ ದೊರೆಯುತ್ತಿತ್ತೇ ಹೊರತು, ಗ್ರಾಫ್ ಬೆಳೆಯಲು ಹೆಚ್ಚಿನ ಸ್ಥಳ ದೊರೆಯುತ್ತಿರಲಿಲ್ಲ. ತಂತ್ರಾಂಶದ ಅಭಿವೃದ್ಧಿಯೂ ಸ್ಥಗಿತಗೊಂಡಿತ್ತು. ಈ ಕಾರಣಗಳಿಂದ 2025ರ ಮೇ ತಿಂಗಳಲ್ಲಿ ವಿದ್ವತ್ ಲೇಖನಗಳ ದತ್ತಾಂಶವನ್ನು ಮುಖ್ಯ ಗ್ರಾಫ್‌ನಿಂದ ಪ್ರತ್ಯೇಕಿಸಲಾಯಿತು.

ಪರಿಣಾಮ

ಗ್ರಾಮ, ತಾಲೂಕು, ಜಿಲ್ಲೆಗಳ ಸಂಬಂಧ ಕುರಿತ ಪ್ರಶ್ನೆಗಳಿಗೆ ಈ ವಿಭಜನೆಯಿಂದ ತೊಡಕಿಲ್ಲ. ಆದರೆ ಪಶ್ಚಿಮ ಘಟ್ಟದ ಸಸ್ಯವೊಂದರ ಕುರಿತ ಸಂಶೋಧನ ಲೇಖನಗಳನ್ನೂ ಅವುಗಳ ಲೇಖಕರು ಕೆಲಸ ಮಾಡುವ ಸಂಸ್ಥೆಗಳನ್ನೂ ಒಟ್ಟಿಗೆ ಕೇಳುವ ವಿದ್ಯಾರ್ಥಿಯ ಪ್ರಶ್ನೆ ಎರಡು ಗ್ರಾಫ್‌ಗಳನ್ನು ದಾಟಬೇಕಾಗುತ್ತದೆ. ಇದಕ್ಕಾಗಿ ಸ್ಪಾರ್ಕಲ್ ಭಾಷೆಯಲ್ಲಿ ಎರಡೂ ಗ್ರಾಫ್‌ಗಳನ್ನು ಸಂಪರ್ಕಿಸುವ ಸಂಯುಕ್ತ ಪ್ರಶ್ನೆ ಬರೆಯಬೇಕು. ಹಳೆಯ ರೂಪದಲ್ಲಿಯೇ ಕೇಳಿದರೆ, ಯಾವ ದೋಷಸೂಚನೆಯೂ ಇಲ್ಲದೆ ಅಪೂರ್ಣ ಅಥವಾ ಬರಿದಾದ ಪಟ್ಟಿ ಬರಬಹುದು. ಓದುಗರು ಅದನ್ನು ಮಾಹಿತಿಯ ಅಭಾವವೆಂದು ತಪ್ಪಾಗಿ ತಿಳಿಯುವ ಸಾಧ್ಯತೆಯಿದೆ.

ಗೋಡಿಬಿಯಂತಹ ವ್ಯವಸ್ಥೆಗಳಲ್ಲಿ ಗಡಿ ದಾಟುವ ಹೊಣೆಯನ್ನು ಯಂತ್ರವೇ ಹೊರುತ್ತದೆ. ವಿಕಿಡೇಟಾದ ಈಗಿನ ಏರ್ಪಾಡಿನಲ್ಲಿ ಅದು ಪ್ರಶ್ನೆ ಕೇಳುವವರ ಪಾಲಿಗೆ ಬಂದಿದೆ. ಆದ್ದರಿಂದ ಸೇವೆಯನ್ನು ಉಳಿಸಿಕೊಳ್ಳಲು ಕೈಗೊಂಡ ಈ ತಾಂತ್ರಿಕ ನಿರ್ಧಾರವು, ಸ್ಪಾರ್ಕಲ್ ಬಲ್ಲವರಿಗೂ ಹೊಸದಾಗಿ ಕಲಿಯುವವರಿಗೂ ದೊರೆಯುವ ಉತ್ತರಗಳ ನಡುವಿನ ಅಂತರವನ್ನೂ ಹೆಚ್ಚಿಸಬಲ್ಲದು.