ಪಾಸ್‌ಪೋರ್ಟ್ ಫಾರಂನ ಆ ಇಬ್ಬರು

ಪಾಸ್‌ಪೋರ್ಟ್ ನವೀಕರಣಕ್ಕೆ (ಸರ್ಕಾರದ ಭಾಷೇಲಿ ಅದು ‘ರೀ-ಇಶ್ಯೂ’, ಇರಲಿ) ಅರ್ಜಿ ತುಂಬೋರು ಸರಾಗವಾಗಿ ಹೋಗ್ತಾ ಹೋಗ್ತಾ ಒಂದು ಕಡೆ ಗಕ್ಕನೆ ನಿಂತುಬಿಡ್ತಾರೆ. ಹುಟ್ಟಿದ ತಾರೀಖು, ಅಪ್ಪ ಅಮ್ಮನ ಹೆಸರು, ಹಳೇ ಪಾಸ್‌ಪೋರ್ಟ್ ನಂಬರು ಎಲ್ಲ ಆಯ್ತು. ಆಮೇಲೆ ಬರುತ್ತೆ ನೋಡಿ, ರೆಫರೆನ್ಸ್! ನಿಮ್ಮನ್ನು ಬಲ್ಲ ಇಬ್ಬರ ಹೆಸರು ಕೊಡಿ ಅಂತ.

“ಯಾರಾದ್ರೂ ದೊಡ್ಡೋರ ಹೆಸರು ಹಾಕಪ್ಪ” ಅನ್ನೋ ಸಲಹೆ ಆಗ ಪುಕ್ಕಟೆಯಾಗಿ ಸಿಗುತ್ತೆ. ಬ್ಯಾಂಕ್ ಮ್ಯಾನೇಜರು, ರಿಟೈರಾದ ತಹಸೀಲ್ದಾರರು, ಊರಾಚೆ ಇರೋ ಡಾಕ್ಟರ್ ಭಾವ... ಈ ಸಲಹೆಗೆ ನನ್ನ ತಕರಾರಿದೆ. ಫಾರಂ ಕೇಳೋದು ಹೆಸರು, ವಿಳಾಸ, ಫೋನ್ ನಂಬರು. ಹುದ್ದೆ ಅನ್ನೋ ಕಾಲಂ ಅಲ್ಲಿಲ್ಲ! ಆ ಕಾಲಂ ಇರೋದು ನಮ್ಮ ತಲೇಲಿ. ಜೆರಾಕ್ಸ್ ಪ್ರತಿಗೆಲ್ಲ ಗೆಜೆಟೆಡ್ ಆಫೀಸರ ಹಸಿರು ಇಂಕಿನ ಸಹಿ ಹುಡುಕಿಕೊಂಡು ಅಲೆದ ತಲೆಮಾರು ನಮ್ಮದು. ತತ್ಕಾಲ್‌ಗೆ ದೊಡ್ಡ ಅಧಿಕಾರಿಯ ಪ್ರಮಾಣಪತ್ರ ಬೇಕಿದ್ದ ಕಾಲವೂ ಇತ್ತು. ಆ ಭಯ ಇನ್ನೂ ಇಳಿದಿಲ್ಲ.

ರೆಫರೆನ್ಸ್ ಇರೋದು ಯಾಕೆ? ಪೊಲೀಸ್ ವೆರಿಫಿಕೇಶನ್ ಆದರೆ (ರೀ-ಇಶ್ಯೂನಲ್ಲಿ ಎಲ್ಲರಿಗೂ ಆಗಲ್ಲ) ‘ಈತ ಇಲ್ಲೇ ಇರೋದಾ, ಎಂಥಾ ಮನುಷ್ಯ?’ ಅಂತ ಕೇಳೋಕೆ ಯಾರಾದ್ರೂ ಬೇಕು. ಅದಕ್ಕೆ ಜಯನಗರದಲ್ಲಿರೋ ಮ್ಯಾನೇಜರು ಏನು ಹೇಳ್ತಾರೆ, ನಾನಿರೋದು ಯಲಹಂಕದಲ್ಲಿ?

ಆದ್ರೆ ಬೆಂಗಳೂರಿನ ಬಾಡಿಗೆದಾರನ ಕಷ್ಟ ನಿಜವಾದದ್ದು. ಹನ್ನೊಂದು ತಿಂಗಳ ಅಗ್ರಿಮೆಂಟಿನ ಮೇಲೆ ಬದುಕೋರು ನಾವು. ಪಕ್ಕದ ಫ್ಲಾಟಿನವರ ಪರಿಚಯ ಲಿಫ್ಟಿನಲ್ಲಿ ತುಟಿ ಅಗಲಿಸುವಷ್ಟೇ; ಅವರ ಹೆಸರು ಗೊತ್ತಾಗೋದು ಕೊರಿಯರ್ ತಪ್ಪಿ ನಮ್ಮ ಮನೆಗೆ ಬಂದಾಗ. ನಮ್ಮನ್ನು ಬಲ್ಲವರು ಬೇರೆಯೇ ಇದ್ದಾರೆ. ಅವರನ್ನು ನಾವು ‘ಲೆಕ್ಕಕ್ಕೆ’ ತಗೊಳ್ಳಲ್ಲ, ಅಷ್ಟೇ.

ನಾನು ಬರೆದದ್ದು ಎದುರು ಮನೆಯ ಟೈಲರ್ ಹೆಸರು, ಇನ್ನೊಂದು ನಮ್ಮ ಬೀದಿ ಕಿರಾಣಿ ಅಂಗಡಿ ಅಕ್ಕನದು. ಅಂಗಡಿ ಹಿಂದೆಯೇ ಅವರ ಮನೆ. ಕೇಳೋಕೆ ಹೋದಾಗ ಅಕ್ಕ ತಕ್ಕಡಿ ಕೆಳಗಿಟ್ಟು, “ನನ್ನ ಹೆಸರಾ? ನಾನು ಓದಿಲ್ವಲ್ಲ ಸಾರ್, ನಡೆಯುತ್ತಾ?” ಅಂದ್ರು. ಯಾಕೆ ನಡೆಯಲ್ಲ ಅಕ್ಕ ಅಂದೆ. ಏಳು ವರ್ಷದಿಂದ ನಮ್ಮನೆ ಲೆಕ್ಕ ಬರೆದಿಟ್ಟವರು ಅವರು. ಮಗಳಿಗೆ ಡೆಂಗಿ ಆದಾಗ ರಾತ್ರಿ ಹನ್ನೊಂದಕ್ಕೆ ಎಳನೀರು ಕೊಟ್ಟವರು. ಪೊಲೀಸಿನವರು ಬಂದ ದಿನ ನಾನು ಆಫೀಸಿನಲ್ಲಿದ್ದೆ. ಅಕ್ಕ ಅವರಿಗೆ ನನ್ನ ಬಗ್ಗೆ ಎಷ್ಟು ಹೇಳಿದ್ದರೆಂದರೆ, ಸಂಜೆ ಫೋನ್ ಮಾಡಿದ ಪೇದೆಯವರಿಗೆ ನಾನು ಮೊಸರಿಗೆ ಯಾವ ಬ್ರ್ಯಾಂಡ್ ತಗೋತೀನಿ ಅನ್ನೋದೂ ಗೊತ್ತಿತ್ತು :)

ಟೈಲರನ್ನು ಯಾರೂ ಕೇಳಲೇ ಇಲ್ಲ. ಅವರಿಗೆ ಸ್ವಲ್ಪ ಬೇಜಾರಾಯ್ತು, “ನಾನೂ ಹೇಳ್ತಿದ್ದೆ” ಅಂದ್ರು.

ಒಂದೇ ಮನೆಯಲ್ಲಿರೋ ಅಣ್ಣ-ಅತ್ತಿಗೆ ಹೆಸರು ಹಾಕೋದೂ ನನಗೆ ಒಪ್ಪಿಗೆಯಿಲ್ಲ. ಮನೆಯವರು ಚೆನ್ನಾಗಿ ಹೇಳದೆ ಇನ್ನೇನು ಮಾಡ್ತಾರೆ? ಹಾಗೇ, ಕೇಳದೆ ಯಾರ ನಂಬರೂ ಬರೀಬೇಡಿ. ಠಾಣೆಯಿಂದ ಫೋನ್ ಬಂದರೆ ಗಾಬರಿಯಾಗೋರು ಅವರು, ನಾವಲ್ಲ. ಗೊತ್ತಿಲ್ಲದ ನಂಬರ್ ಎತ್ತದವರಾದರೆ ಮೊದಲೇ ಹೇಳಿಡಿ.

ನಿಮ್ಮ ಫಾರಂನಲ್ಲಿ ಯಾರಿದ್ದಾರೆ? ಹೆಸರು ಬೇಡ, ಅವರು ನಿಮಗೆ ಹೇಗೆ ಪರಿಚಯ ಅಂತಷ್ಟೇ ಹೇಳಿ.